ಸೆಪಿಯಾ ಛಾಯೆಯ ಛಾಯಾಚಿತ್ರ ಮುದ್ರಣ

ಸೆಪಿಯಾ ಎಂಬುದು ಕಪ್ಪು-ಬಿಳುಪು ಛಾಯಾಚಿತ್ರಗಳಲ್ಲಿ ಕಾಣಬರುವ ಬೆಚ್ಚನೆಯ ಕಂದು ಛಾಯೆ. ಸೆಪಿಯಾ ಕುಲದ ಕಡಲಜೀವಿಯು ಸ್ರವಿಸುವ ಮಸಿಯಿಂದ ಹಿಂದೆ ಚಿತ್ರಕಾರರು ಕಂದು ಬಣ್ಣವನ್ನು ತಯಾರಿಸುತ್ತಿದ್ದುದರಿಂದ ಈ ಹೆಸರು ಬಂದಿದೆ. ಛಾಯಾಚಿತ್ರದ ಸೆಪಿಯಾಗೂ ಆ ಮಸಿಗೂ ಸಂಬಂಧವಿಲ್ಲ. ಇದು ಚಿತ್ರದಲ್ಲಿರುವ ಬೆಳ್ಳಿಯ ರಾಸಾಯನಿಕ ಬದಲಾವಣೆಯಿಂದ ಉಂಟಾಗುತ್ತದೆ. ಇಂದು ಇದೇ ಛಾಯೆಯನ್ನು ಗಣಕಯಂತ್ರ ಹಾಗೂ ಇಂಕ್‌ಜೆಟ್ ಮುದ್ರಕಗಳ ನೆರವಿನಿಂದ ಮನೆಯಲ್ಲಿಯೂ ಪಡೆಯಲಾಗುತ್ತದೆ.

ಕರ್ನಾಟಕದ ಹಳೆಯ ಚಿತ್ರಗಳು

ಹಳೆಯ ಚಿತ್ರಗಳ ಕಂದು ಬಣ್ಣವೆಲ್ಲ ಸೆಪಿಯಾ ಅಲ್ಲ. ಲಿನೇಯಸ್ ಟ್ರೈಪ್ 1854ರಲ್ಲಿ ಬೇಲೂರು, ಹಳೇಬೀಡುಗಳ ದೇವಾಲಯಗಳ ಛಾಯಾಚಿತ್ರಗಳನ್ನು ತೆಗೆದನು. ಆ ಕಾಲದ ಉಪ್ಪುಕಾಗದ ಮತ್ತು ಆಲ್ಬುಮೆನ್ ಮುದ್ರಣಗಳು ಸಹಜವಾಗಿಯೇ ಕಂದು ಅಥವಾ ನೇರಳೆಗಂದು ಬಣ್ಣದವು. ಬೆಂಗಳೂರಿನ ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಬಳಿಕ ಬೆಳೆದವು. ಆ ವೇಳೆಗೆ ಜೆಲಟಿನ್-ಬೆಳ್ಳಿ ಕಾಗದಗಳು ಬಳಕೆಗೆ ಬಂದಿದ್ದವು. ಆದುದರಿಂದ ಗಾಂಧಿ ಬಜಾರ್ ಸುತ್ತಲಿನ ಹಳೆಯ ಮನೆಗಳಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ ಹಿರಿಯರ ಚಿತ್ರಗಳ ಕಂದು ಬಣ್ಣಕ್ಕೆ ಎರಡು ಕಾರಣಗಳಿರಬಹುದು. ಒಂದು, ಸ್ಟುಡಿಯೊದಲ್ಲಿ ಉದ್ದೇಶಪೂರ್ವಕವಾಗಿ ಮಾಡಿದ ಸೆಪಿಯಾ ಸಂಸ್ಕರಣೆ. ಇನ್ನೊಂದು, ಸರಿಯಾಗಿ ತೊಳೆಯದೆ ಉಳಿದ ಹೈಪೋ, ತೇವ ಮತ್ತು ಗಾಳಿಯಿಂದ ಆದ ಕ್ಷಯ. ಸಂಸ್ಕರಿಸಿದ ಚಿತ್ರದಲ್ಲಿ ಬಣ್ಣ ಎಲ್ಲೆಡೆ ಸಮವಾಗಿದ್ದು, ವಿವರಗಳು ಉಳಿದಿರುತ್ತವೆ. ಕ್ಷಯಿಸಿದ ಚಿತ್ರದಲ್ಲಿ ಹಳದಿ ಕಲೆಗಳು ಕಾಣುತ್ತವೆ, ತಿಳಿಭಾಗಗಳ ವಿವರಗಳು ಅಳಿಯುತ್ತವೆ. ಪ್ರತಿ ತೆಗೆಯುವ ಮೊದಲು ಈ ವ್ಯತ್ಯಾಸವನ್ನು ಗುರುತಿಸದಿದ್ದರೆ, ಮುದ್ರಣದಲ್ಲಿ ಹಾನಿಯೇ ಮೂಲ ಬಣ್ಣವೆಂದು ಉಳಿದುಬಿಡುತ್ತದೆ.

ರಾಸಾಯನಿಕ ವಿಧಾನ

ಸೆಪಿಯಾ ಸಂಸ್ಕರಣೆಯು ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ಪೊಟಾಷಿಯಂ ಫೆರಿಸೈನೈಡ್ ಮತ್ತು ಪೊಟಾಷಿಯಂ ಬ್ರೋಮೈಡ್‌ಗಳ ದ್ರಾವಣದಲ್ಲಿ ಚಿತ್ರದ ಬೆಳ್ಳಿಯು ಸಿಲ್ವರ್ ಬ್ರೋಮೈಡ್ ಆಗಿ ಮಾರ್ಪಟ್ಟು, ಚಿತ್ರ ಬಹುಮಟ್ಟಿಗೆ ಮಾಸುತ್ತದೆ. ದ್ರಾವಣದ ಹಳದಿ ಬಣ್ಣ ಹೋಗುವವರೆಗೆ ತೊಳೆದ ಬಳಿಕ, ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ ಅದ್ದಿದಾಗ ಕಂದು ಬಣ್ಣದ ಸಿಲ್ವರ್ ಸಲ್ಫೈಡ್ ಉಂಟಾಗಿ ಚಿತ್ರ ಮರಳಿ ಮೂಡುತ್ತದೆ. ಸಲ್ಫೈಡ್‌ಗೆ ಕೊಳೆತ ಮೊಟ್ಟೆಯಂಥ ನಾತವಿರುವುದರಿಂದ ಅದರ ಬದಲು ಥಯೊಯೂರಿಯಾ ಮತ್ತು ಸೋಡಿಯಂ ಹೈಡ್ರಾಕ್ಸೈಡ್‌ಗಳನ್ನೂ ಬಳಸುವುದುಂಟು. ಇವೆರಡರ ಪ್ರಮಾಣವನ್ನು ಬದಲಿಸಿ ಹಳದಿಗಂದಿನಿಂದ ಗಾಢ ಕಂದಿನವರೆಗೆ ಛಾಯೆಯನ್ನು ಪಡೆಯಬಹುದು. ಸಿಲ್ವರ್ ಸಲ್ಫೈಡ್ ಬೆಳ್ಳಿಗಿಂತ ಸ್ಥಿರವಾದುದರಿಂದ ಇಂಥ ಚಿತ್ರಗಳು ಹೆಚ್ಚು ಕಾಲ ಬಾಳುತ್ತವೆ.

ಸಂಸ್ಕರಣೆಯಲ್ಲಿ ಚಿತ್ರದ ಗಾಢತೆ ಸ್ವಲ್ಪ ತಗ್ಗುವ ಕಾರಣ ಮೂಲ ಮುದ್ರಣವನ್ನು ತುಸು ಕಪ್ಪಾಗಿ ಮಾಡಿಕೊಳ್ಳುವುದು ರೂಢಿ. ಕಾಗದದಲ್ಲಿ ಹೈಪೋ ಉಳಿದಿದ್ದರೆ ಅದು ಫೆರಿಸೈನೈಡ್ ಜೊತೆ ಸೇರಿ ಬೆಳ್ಳಿಯನ್ನು ಕರಗಿಸುತ್ತದೆ. ತಿಳಿಭಾಗಗಳ ವಿವರಗಳು ಮತ್ತೆ ಬಾರದಂತೆ ಹೋಗುತ್ತವೆ. ನೀರಿನಲ್ಲಿಯೋ ಟ್ರೇಯಲ್ಲಿಯೋ ಕಬ್ಬಿಣದ ತುಕ್ಕು ಇದ್ದರೆ ನೀಲಿ ಚುಕ್ಕೆಗಳು ಬೀಳುತ್ತವೆ. ಸೋಡಿಯಂ ಸಲ್ಫೈಡ್‌ಗೆ ಆಮ್ಲ ತಗುಲಿದರೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವೂ, ಫೆರಿಸೈನೈಡ್‌ಗೆ ಪ್ರಬಲ ಆಮ್ಲ ತಗುಲಿದರೆ ಹೈಡ್ರೋಜನ್ ಸೈನೈಡ್ ಎಂಬ ವಿಷಾನಿಲವೂ ಹೊರಬರಬಹುದು. ಆದ್ದರಿಂದ ಕೈಗವಸು, ಗಾಳಿಯಾಡುವ ಕೋಣೆ ಮತ್ತು ಅಡುಗೆಗೆ ಬಳಸದ ಪ್ರತ್ಯೇಕ ಪಾತ್ರೆಗಳು ಅವಶ್ಯಕ. ಮನೆಯಲ್ಲಿರುವ ಏಕೈಕ ಹಳೆಯ ಪ್ರತಿಯನ್ನು ಎಂದಿಗೂ ಈ ದ್ರಾವಣಗಳಲ್ಲಿ ಅದ್ದಬಾರದು.

ಗಣಕಯಂತ್ರದ ಮೂಲಕ

ಮೂಲ ಚಿತ್ರವನ್ನು ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಿ, ಆ ಕಡತವನ್ನು ಬದಲಿಸದೆ ಕಾಯ್ದಿಡಲಾಗುತ್ತದೆ. ಪ್ರತಿಯೊಂದನ್ನು ಕಪ್ಪು-ಬಿಳುಪಿಗೆ ಪರಿವರ್ತಿಸಿ, ಗಾಢತೆಯನ್ನು ಸರಿಪಡಿಸಿದ ನಂತರ ಛಾಯೆ ನೀಡುವುದು ಕ್ರಮ.

ಹಲವು ತಂತ್ರಾಂಶಗಳ ಸಿದ್ಧ ಸೆಪಿಯಾ ಸೂತ್ರದಲ್ಲಿ ಕೆಂಪಿನ ಹೊಸ ಮೌಲ್ಯವು ಮೂಲದ ಕೆಂಪು, ಹಸಿರು, ನೀಲಿಗಳ ಕ್ರಮವಾಗಿ 0.393, 0.769, 0.189 ಪಾಲುಗಳ ಮೊತ್ತ. ಹಸಿರಿಗೆ 0.349, 0.686, 0.168, ನೀಲಿಗೆ 0.272, 0.534, 0.131. ಬೂದು ಬಣ್ಣದಲ್ಲಿ ಮೂರೂ ಮೌಲ್ಯಗಳು ಸಮವಾಗಿರುವುದರಿಂದ ಕೆಂಪು 1.351 ಪಟ್ಟು, ಹಸಿರು 1.203 ಪಟ್ಟು ಹೆಚ್ಚಿ, ನೀಲಿ 0.937 ಪಟ್ಟಿಗೆ ಇಳಿಯುತ್ತದೆ. ಹೀಗಾಗಿ 128 ಮೌಲ್ಯದ ಬೂದು ಬಣ್ಣವು 173, 154, 120 ಆಗುತ್ತದೆ. ಮೂಲ ಮೌಲ್ಯ ಸುಮಾರು 189 ದಾಟಿದೊಡನೆ ಕೆಂಪು ತನ್ನ ಗರಿಷ್ಠವಾದ 255ನ್ನು ಮುಟ್ಟುತ್ತದೆ. ಬಿಳಿ ಪಂಚೆ, ರುಮಾಲುಗಳ ಮಡಿಕೆಗಳು ಇದರಿಂದ ಮಂಕಾಗಿ, ಚಿತ್ರವೂ ಅಗತ್ಯಕ್ಕಿಂತ ತಿಳಿಯಾಗುತ್ತದೆ. ಬದಲಿಗೆ ವಕ್ರರೇಖೆಗಳ ಸಾಧನದಲ್ಲಿ ಅತಿ ಕಪ್ಪು ಹಾಗೂ ಅತಿ ಬಿಳುಪಿನ ತುದಿಗಳನ್ನು ಹಾಗೆಯೇ ಬಿಟ್ಟು, ನಡುಛಾಯೆಗಳಲ್ಲಿ ಮಾತ್ರ ಕೆಂಪನ್ನು ತುಸು ಏರಿಸಿ ನೀಲಿಯನ್ನು ಇಳಿಸುವುದರಿಂದ ಹೆಚ್ಚು ಸಹಜವಾದ ಛಾಯೆ ದೊರೆಯುತ್ತದೆ.

ಮುದ್ರಣದಲ್ಲಿನ ನಿಖರತೆ

ಪರದೆಯ ಮೇಲೆ ಸರಿಯಾಗಿ ಕಂಡ ಕಂದು ಬಣ್ಣ ಕಾಗದದ ಮೇಲೆ ಹಸಿರಾಗಿಯೋ ಗುಲಾಬಿಯಾಗಿಯೋ ಕಾಣುವುದು ಸಾಮಾನ್ಯ. ಮುದ್ರಕವು ಸಯಾನ್, ಮಜೆಂಟಾ, ಹಳದಿ ಶಾಯಿಗಳನ್ನು ಬೆರೆಸಿ ಮಂದ ಕಂದನ್ನು ರೂಪಿಸುತ್ತದೆ; ಒಂದು ಶಾಯಿ ಕೊಂಚ ಹೆಚ್ಚಾದರೂ ಕಣ್ಣಿಗೆ ಗೊತ್ತಾಗುತ್ತದೆ. ಬೂದು ಶಾಯಿಗಳೂ ಇರುವ ಮುದ್ರಕಗಳಲ್ಲಿ ಈ ದೋಷ ಕಡಿಮೆ. ಕೆಳಗಿನ ಕ್ರಮಗಳು ಉಪಯುಕ್ತವಾಗಿವೆ:

• ಪರದೆಯ ಬಣ್ಣ ಮತ್ತು ಬೆಳಕನ್ನು ಮೊದಲು ಹೊಂದಿಸಿಕೊಳ್ಳುವುದು.
• ಬಳಸುವ ಕಾಗದ ಹಾಗೂ ಮುದ್ರಕಕ್ಕೆ ತಕ್ಕ ಬಣ್ಣದ ಪ್ರೊಫೈಲ್ ಆರಿಸುವುದು.
• ಬಣ್ಣದ ನಿರ್ವಹಣೆಯನ್ನು ತಂತ್ರಾಂಶಕ್ಕೋ ಮುದ್ರಕಕ್ಕೋ ಒಂದಕ್ಕೆ ಮಾತ್ರ ಒಪ್ಪಿಸುವುದು. ಎರಡೂ ತಿದ್ದಿದರೆ ಛಾಯೆ ಕೆಡುತ್ತದೆ.
• ಪೂರ್ಣ ಚಿತ್ರಕ್ಕೆ ಮೊದಲು, ಮುಖ, ಬಿಳಿ ಬಟ್ಟೆ ಮತ್ತು ನೆರಳುಗಳಿರುವ ಸಣ್ಣ ಪಟ್ಟಿಯನ್ನು ಮುದ್ರಿಸಿ ನೋಡುವುದು.
• ಶಾಯಿ ಪೂರ್ತಿ ಒಣಗಿದ ಮೇಲೆಯೇ ಬಣ್ಣವನ್ನು ನಿರ್ಣಯಿಸುವುದು.

ಹಗಲ ಬೆಳಕಿನಲ್ಲಿ ಹೊಂದಿಕೆಯಾಗುವ ಎರಡು ಚಿತ್ರಗಳು ಟ್ಯೂಬ್‌ಲೈಟ್ ಅಡಿಯಲ್ಲಿ ಬೇರೆಯಾಗಿ ಕಾಣಬಹುದು. ಆದುದರಿಂದ ಮೂಲವನ್ನೂ ಪ್ರತಿಯನ್ನೂ ಕಿಟಕಿಯ ಬಳಿ ಹಾಗೂ ಚಿತ್ರವನ್ನು ತೂಗುಹಾಕಲಿರುವ ಗೋಡೆಯ ಬೆಳಕಿನಲ್ಲಿ ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಸೂಕ್ತ. ಇಂಕ್‌ಜೆಟ್ ಪ್ರತಿಗೆ ಸಿಲ್ವರ್ ಸಲ್ಫೈಡ್‌ನ ಬಾಳಿಕೆ ತಾನಾಗಿ ಬರುವುದಿಲ್ಲ. ಸಾಮಾನ್ಯವಾಗಿ ವರ್ಣದ್ರವ್ಯ ಆಧಾರಿತ ಶಾಯಿಯು ಕರಗುವ ಬಣ್ಣದ ಶಾಯಿಗಿಂತ ನಿಧಾನವಾಗಿ ಮಾಸುತ್ತದೆ. ನೇರ ಬಿಸಿಲು ಬೀಳದ ಗೋಡೆಯಲ್ಲಿ ಗಾಜಿನ ಕಟ್ಟಿನೊಳಗಿದ್ದರೆ ಎರಡೂ ಹೆಚ್ಚು ಕಾಲ ಉಳಿಯುತ್ತವೆ.