ಕೇಳಿದುದನ್ನು ಮರಳಿ ನುಡಿಯುವ ವಿದ್ಯೆ

ಪಾಲಾರ್ ನದಿಗೆ ಅಡ್ಡಲಾಗಿ ನಿಂತು, ಕೋಲಾರದ ಚಿನ್ನದ ಗಣಿಗಳ ಜನಕ್ಕೆ ನೀರೊದಗಿಸಿದ ಬೇತಮಂಗಲದ ಕೆರೆಯನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಇತ್ತೀಚೆಗೆ ನಾವು ಆ ಊರಿನಲ್ಲಿ ನಮಗೆ ಪರಿಚಿತರಾದ ಗೃಹಸ್ಥರೊಬ್ಬರ ಮನೆಗೆ ಹೋಗಿದ್ದೆವು. ಒಳಕೋಣೆಯಲ್ಲಿ ಅವರ ಮಗನು ಕಂಪ್ಯೂಟರಿನ ಮುಂದೆ ಕುಳಿತು, ಕಿವಿಗೆ ಹೆಡ್‌ಫೋನ್ ಧರಿಸಿ, ಇಂಗ್ಲಿಷಿನಲ್ಲಿ ಏನೋ ಅಂಕೆಗಳನ್ನು ಒಪ್ಪಿಸುತ್ತಿದ್ದನು.

“ರಜೆ ಬಂದರೆ ಹಗಲಿರುಳೂ ಇದೇ ಆಟ ಸ್ವಾಮಿ. ತಾವಾದರೂ ಇವನಿಗೆ ನಾಲ್ಕು ಬುದ್ಧಿಯ ಮಾತು ಹೇಳಿ” ಎಂದರು ತಂದೆ. ಬುದ್ಧಿ ಹೇಳಲು ಒಳಹೊಕ್ಕ ನಾವು ಒಂದು ಗಂಟೆ ಅಲ್ಲಿಯೇ ಕುಳಿತುಬಿಟ್ಟೆವು.

ಹುಡುಗನು ತನ್ನ ಪರದೆಯ ಮೇಲಣ ವಿಮಾನವನ್ನು ದೇವನಹಳ್ಳಿಯಿಂದ ಚೆನ್ನೈಗೆ ಒಯ್ಯಲು ಸಿದ್ಧನಾಗಿದ್ದನು. ಈ ವಿಮಾನವು ಕೇವಲ ಚಿತ್ರವೆಂಬುದು ಸರಿ. ಆದರೆ ಅವನ ಕಿವಿಯಲ್ಲಿ ಮಾತನಾಡುತ್ತಿದ್ದ ನಿಯಂತ್ರಕನು ಚಿತ್ರವಲ್ಲ; ಬೇರೊಂದು ಊರಿನಲ್ಲಿ ತನ್ನ ಮನೆಯಲ್ಲಿಯೇ ಕುಳಿತಿದ್ದ ನಿಜವಾದ ಮನುಷ್ಯನು. ಇಂಥವರನ್ನು ಅಂತರ್ಜಾಲದ ಮೂಲಕ ಒಂದುಗೂಡಿಸುವ ಸಂಘಗಳಲ್ಲಿ ೧೯೯೮ರಲ್ಲಿ ಹುಟ್ಟಿದ ಐವಾವೋ, ೨೦೦೧ರಲ್ಲಿ ಹುಟ್ಟಿದ ವ್ಯಾಟ್‌ಸಿಮ್ ಎಂಬೆರಡು ಮುಖ್ಯವಾದುವು. ಸೇರಲು ಶುಲ್ಕವಿಲ್ಲ, ನಿಯಂತ್ರಕರೆಲ್ಲರೂ ಕಲಿತು ಪರೀಕ್ಷೆ ಕೊಟ್ಟ ಸ್ವಯಂಸೇವಕರು. ನಿಜವಾದ ನಿಲ್ದಾಣದಲ್ಲಿರುವಂತೆಯೇ ನೆಲದ ಮೇಲಣ ಓಡಾಟಕ್ಕೊಬ್ಬನು, ಏರಿಳಿಯುವ ಗೋಪುರಕ್ಕೊಬ್ಬನು, ದೂರದ ದಾರಿಗೊಬ್ಬನು ಎಂಬುದಾಗಿ ಅವರು ಕೆಲಸವನ್ನು ಹಂಚಿಕೊಂಡು, ವಿಮಾನವನ್ನು ಒಬ್ಬರಿಂದೊಬ್ಬರಿಗೆ ಒಪ್ಪಿಸುತ್ತಾರೆ.

ನಿಯಂತ್ರಕನು ಏರಬೇಕಾದ ಎತ್ತರವನ್ನೂ, ರೇಡಾರಿನಲ್ಲಿ ವಿಮಾನವನ್ನು ಗುರುತಿಸುವ ನಾಲ್ಕಂಕಿಯ ಸಂಖ್ಯೆಯನ್ನೂ ಹೇಳಿದನು. ಹುಡುಗನು ಗುಂಡಿಯೊತ್ತಿ “ರೋಜರ್” ಎಂದು ಮುಗಿಸಿಬಿಟ್ಟನು. ಅತ್ತಲಿಂದ ಶಾಂತವಾದ ಧ್ವನಿಯಲ್ಲಿ, ಹೇಳಿದುದನ್ನು ಪೂರ್ತಿಯಾಗಿ ಮರಳಿ ನುಡಿಯಬೇಕೆಂದು ಅಪ್ಪಣೆಯಾಯಿತು. ಹುಡುಗನು ನುಡಿದನು, ಸಂಖ್ಯೆಯ ಕಡೆಯ ಅಂಕೆ ತಪ್ಪಿತ್ತು! ನಿಯಂತ್ರಕನು ತಿದ್ದಿ, ಇನ್ನೊಮ್ಮೆ ಹೇಳಿಸಿ, ಅದು ಸರಿಯಾದ ಬಳಿಕವೇ ಮುಂದಕ್ಕೆ ಬಿಟ್ಟನು.

“ರೋಜರ್” ಎಂದರೆ “ನಿಮ್ಮ ಮಾತು ಮುಟ್ಟಿತು” ಎಂದಷ್ಟೇ ಅರ್ಥ. ಯಾವ ಮಾತು ಮುಟ್ಟಿತೆಂಬುದು ಅದರಿಂದ ತಿಳಿಯದು. ಆದುದರಿಂದಲೇ ರನ್‌ವೇಯ ಸಂಖ್ಯೆ, ಎತ್ತರ, ದಿಕ್ಕು, ಗಾಳಿಯೊತ್ತಡದ ಅಂಕಿ ಇವನ್ನು ಪೈಲಟನು ತನ್ನ ಬಾಯಿಂದ ಮರಳಿ ಹೇಳಲೇಬೇಕೆಂಬ ನಿಯಮವಿದೆ. ಐದು, ಒಂಬತ್ತುಗಳು ಕಿವಿಯಲ್ಲಿ ಕಲಸಿಹೋಗದಂತೆ ಇಂಗ್ಲಿಷಿನ ಐದನ್ನು “ಫೈಫ್” ಎಂದೂ, ಒಂಬತ್ತನ್ನು “ನೈನರ್” ಎಂದೂ ನುಡಿಯುತ್ತಾರೆ. ಒಂದೇ ಕಾಲಕ್ಕೆ ಇಬ್ಬರು ಮಾತನಾಡಿದರೆ ಕಿರುಚಿದ ಶಬ್ದವಲ್ಲದೆ ಬೇರೇನೂ ಕೇಳಿಸದು. ಆದ್ದರಿಂದ ಮೊದಲು ಕೇಳಿಸಿಕೊಂಡು, ಅನಂತರ ಗುಂಡಿಯೊತ್ತಬೇಕು.

ಈ ಕಟ್ಟುನಿಟ್ಟಿಗೆ ಜಗತ್ತು ತೆತ್ತ ಬೆಲೆ ಅಲ್ಪವಲ್ಲ. ೧೯೭೭ರ ಮಾರ್ಚ್ ೨೭ರಂದು ಟೆನೆರಿಫ್ ದ್ವೀಪದಲ್ಲಿ ಮಂಜು ಕವಿದಿದ್ದಾಗ, ಒಂದು ದೊಡ್ಡ ವಿಮಾನದವರು ತಾವು ಹಾರಲು ಹೊರಟಿರುವೆವೆಂಬ ಭಾವದ ಅಸ್ಪಷ್ಟ ಮಾತನ್ನಾಡಿದರು. ನಿಯಂತ್ರಕನು “ಓಕೆ” ಎಂದನು. ಅವನು ಮುಂದುವರಿಸಿ ಹೇಳಿದ “ತಾಳಿ” ಎಂಬ ಮಾತೂ, ಅದೇ ರನ್‌ವೇಯ ಮೇಲಿದ್ದ ಇನ್ನೊಂದು ವಿಮಾನದವರ ಮಾತೂ ಒಂದರಮೇಲೊಂದು ಬಿದ್ದು ಕೆಟ್ಟುಹೋದುವು. ಮಡಿದವರು ೫೮೩ ಮಂದಿ. ನಮ್ಮ ದೇಶದಲ್ಲಿಯೇ ೧೯೯೬ರ ನವೆಂಬರ್ ೧೨ರಂದು ಚರ್ಖಿ ದಾದ್ರಿಯ ಮೇಲೆ, ೧೫,೦೦೦ ಅಡಿಯಲ್ಲಿ ನಿಲ್ಲಬೇಕಾಗಿದ್ದ ವಿಮಾನವೊಂದು ಇನ್ನೂ ಕೆಳಗಿಳಿದು, ಎದುರಿನಿಂದ ಬಂದುದಕ್ಕೆ ಡಿಕ್ಕಿ ಹೊಡೆದು ೩೪೯ ಮಂದಿ ಸತ್ತರು.

ನಾವು ಇದನ್ನು ಹೇಳುತ್ತಿರಲು, ಜಗಲಿಯಲ್ಲಿ ಕುಳಿತಿದ್ದ ಹುಡುಗನ ತಾತನವರು ಒಳಗೆ ಬಂದರು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚುವವರೆಗೂ ಅಲ್ಲಿ ದುಡಿದವರು ಅವರು. “ನಮ್ಮ ಶಾಫ್ಟಿನಲ್ಲಿಯೂ ಗಂಟೆಯ ಲೆಕ್ಕವೇ ನಮ್ಮ ಪ್ರಾಣವಪ್ಪ. ಕೇಜನ್ನು ಏರಿಸುವುದಕ್ಕೆ ಒಂದು ಲೆಕ್ಕ, ಇಳಿಸುವುದಕ್ಕೆ ಒಂದು ಲೆಕ್ಕ. ಒಂದು ಪೆಟ್ಟು ತಪ್ಪಿ ಎಣಿಸಿದರೆ ಒಳಗಿದ್ದವರ ಗತಿಯೇನು?” ಎಂದು ಅವರು ನುಡಿದಾಗ ಮಗನು ಮಾತನಾಡಲಿಲ್ಲ.

ಆದರೂ ತಂದೆತಾಯಿಗಳು ಭ್ರಮೆಗೊಳಗಾಗಬಾರದು. ಈ ಅಭ್ಯಾಸದಿಂದ ಪೈಲಟನ ಪರವಾನಗಿ ದೊರೆಯದು. ಇಲ್ಲಿ ಹಾರಿದ ಗಂಟೆಗಳು ಎಲ್ಲಿಯೂ ಲೆಕ್ಕಕ್ಕೆ ಬಾರವು. ನಿಜವಾದ ವಿಮಾನದಲ್ಲಿ ರೇಡಿಯೋ ಬಳಸಲು ಪ್ರತ್ಯೇಕ ಪರೀಕ್ಷೆಯುಂಟು. ಮೊದಲು ದೂರಸಂಪರ್ಕ ಇಲಾಖೆಯದಾಗಿದ್ದ ಅದರ ಹೊಣೆಯನ್ನು, ೨೦೨೫ರ ಜನವರಿಯಿಂದ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮವು ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯಕ್ಕೆ ವಹಿಸಿದೆ. ಆ ಪರೀಕ್ಷೆಗೆ ಕುಳಿತುಕೊಳ್ಳುವವನಿಗೆ ಮನೆಯಲ್ಲಿ ಪಳಗಿದ ಕಿವಿಯೂ ನಾಲಗೆಯೂ ನೆರವಾಗುವುವೆಂದಷ್ಟೇ ಹೇಳಬಹುದು. ಇಂಗ್ಲಿಷ್ ಮಾತನಾಡಲು ಅಂಜುವ ನಮ್ಮ ಹಳ್ಳಿಯ ಮಕ್ಕಳಿಗೆ ಅದೂ ಸಣ್ಣ ಲಾಭವಲ್ಲ.

ತೊಡಗುವವರು ಕೆಲವು ದಿನ ಬಾಯ್ಮುಚ್ಚಿ ಇತರರ ಮಾತನ್ನು ಕೇಳಲಿ. ಬಳಿಯಲ್ಲಿ ಕಾಗದವನ್ನಿಟ್ಟುಕೊಂಡು ಅಂಕೆಗಳನ್ನು ಬರೆದುಕೊಳ್ಳಲಿ. ತಿಳಿಯದಿದ್ದರೆ ಊಹಿಸದೆ, “ಇನ್ನೊಮ್ಮೆ ಹೇಳಿ” ಎಂದು ಕೇಳಲಿ. ಹಾಗೆ ಕೇಳುವುದು ಅಲ್ಲಿ ಅವಮಾನವಲ್ಲ. ಕಾಲಕ್ಕೊಂದು ಮಿತಿಯನ್ನು ಮನೆಯವರು ಗೊತ್ತುಮಾಡಲಿ.

ಆ ಮನೆಯಲ್ಲಿಯೂ ಪಾಠ ಮುಗಿದ ಮೇಲೆ ದಿನಕ್ಕೊಂದು ಗಂಟೆ ಎಂದು ಒಪ್ಪಂದವಾಯಿತು. ನಾವು ಹೊರಡುವ ಹೊತ್ತಿಗೆ ತಂದೆಯವರು ಬಂಗಾರಪೇಟೆಯಿಂದ ತರಬೇಕಾದ ತಾಯಿಯ ಔಷಧಗಳನ್ನು ಮಗನಿಗೆ ಹೇಳುತ್ತಿದ್ದರು. ಹುಡುಗನು ಮೊದಲು “ಆಯಿತಪ್ಪಾ” ಎಂದನು. ಕೂಡಲೇ ನಕ್ಕು, ಹೆಸರನ್ನೂ ಪ್ರಮಾಣವನ್ನೂ ಒಂದೊಂದಾಗಿ ಮರಳಿ ನುಡಿದನು. ಒಂದು ಪ್ರಮಾಣ ತಪ್ಪಿತ್ತು. ತಂದೆಯವರು ಅದನ್ನು ತಿದ್ದಿ ಕಳುಹಿಸಿದರು.