ಮಗು ಮುಂಬಾಗಿಲಿನಿಂದಲೇ ಬರಲಿ

ನಾಲ್ಕು ವರ್ಷಗಳ ಹಿಂದಿನ ಮಾತು. ಚಿಕ್ಕೋಡಿಯಲ್ಲಿ ಗೆಳತಿಯೊಬ್ಬಳ ಮೊಮ್ಮಗನಿಗೆ ಹೆಸರಿಡುವ ಸಮಾರಂಭ. ತೊಟ್ಟಿಲಿಗೆ ಹೂ ಕಟ್ಟಿ, ಜೋಗುಳ ಹಾಡಿ, ಬಂದ ಮುತ್ತೈದೆಯರಿಗೆಲ್ಲ ಉಡಿ ತುಂಬುತ್ತಿದ್ದರು. ಒಬ್ಬಾಕೆ ಮಾತ್ರ ಹಿತ್ತಲ ಬಾಗಿಲ ಬಳಿಯೇ ನಿಂತಿದ್ದಳು. ರಾಯಬಾಗ ಕಡೆಯ ಸೊಸೆ. ಮದುವೆಯಾಗಿ ಹನ್ನೊಂದು ವರ್ಷ. ಎಷ್ಟು ಕರೆದರೂ ತೊಟ್ಟಿಲ ಹತ್ತಿರ ಬರಲಿಲ್ಲ. ಊಟವಾದ ಮೇಲೆ ನನ್ನನ್ನು ಬದಿಗೆ ಕರೆದು ಪಿಸುಮಾತಿನಲ್ಲಿ ಹೇಳಿದಳು:

"ಅಕ್ಕಾರ, ಗಡಿ ಆಚೆ ಒಂದು ಊರಾಗ ಒಂದು ಕೂಸು ಐತಂತ್ರಿ. ಹುಟ್ಟಿ ಎಂಟು ದಿನ. ಎರಡು ಲಕ್ಷ ಕೊಟ್ರ ದವಾಖಾನಿ ಕಾಗದದಾಗ ನಾನ ಹಡದೀನಿ ಅಂತ ಬರಸಿ ಕೊಡ್ತಾರಂತ. ಯಾರಿಗೂ ಗೊತ್ತಾಗಂಗಿಲ್ಲ ಅಂತಾರ. ತಗೊಳ್ಳೇನ್ರಿ?"

"ಕೂಸಿನ ತಾಯಿ ಯಾರವ್ವ?" ಎಂದು ಕೇಳಿದೆ.

"ಅದನ್ನ ಕೇಳಬಾರ್ದಂತ್ರಿ," ಎಂದಳು.

ಆ ಒಂದು ಮಾತು ಅಂದು ರಾತ್ರಿ ನನ್ನ ನಿದ್ದೆ ಕೆಡಿಸಿತು. ಬರಿದಾದ ಉಡಿಯ ಸಂಕಟ ಸುಳ್ಳಲ್ಲ. ಆದರೆ ಹೆತ್ತವಳ ಹೆಸರನ್ನೇ ಕೇಳಬಾರದೆಂಬ ಕಟ್ಟಳೆಯ ಮೇಲೆ ಬರುವ ಮಗು, ಹಿತ್ತಲ ಬಾಗಿಲಿನಿಂದ ಬಂದ ಮಗು. ಅದು ಕದ್ದದ್ದೋ, ಕೊಂಡದ್ದೋ, ತಾಯಿಗೆ 'ಸತ್ತು ಹುಟ್ಟಿತು' ಎಂದು ಸುಳ್ಳು ಹೇಳಿ ತಂದದ್ದೋ ಬಲ್ಲವರು ಯಾರು? ಹಸುಗೂಸುಗಳನ್ನು ಮಾರಲು ಹೊರಟವರನ್ನು ನಮ್ಮ ಬೆಳಗಾವಿಯ ಪೊಲೀಸರು 2024ರಲ್ಲಿ ಬಂಧಿಸಿದ ಸುದ್ದಿಯನ್ನು ನೀವೂ ಓದಿರಬಹುದು. ಹಾಗಾದರೆ ಮಗುವಿಗಾಗಿ ಹಂಬಲಿಸುವ ಸೋದರಿ ಏನು ಮಾಡಬೇಕು? ಅಂದು ಆಕೆಗೆ ಹೇಳಿದ್ದನ್ನೇ ಇಂದು ನಿಮಗೂ ಹೇಳುತ್ತೇನೆ.

ವಂಶಕ್ಕಾಗಿ ದತ್ತು, ಮಗುವಿಗಾಗಿ ದತ್ತು

ದತ್ತಕ ನಮ್ಮ ಸೀಮೆಗೆ ಹೊಸದಲ್ಲ. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ಸಾಯುವ ಮುನ್ನ ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡ. ಧಾರವಾಡದ ಕಲೆಕ್ಟರ್ ಥ್ಯಾಕರೆ ಅದನ್ನು ಒಪ್ಪಲಿಲ್ಲ. ರಾಣಿ ಚೆನ್ನಮ್ಮ ಖಡ್ಗ ಹಿಡಿದದ್ದು ಆ ದತ್ತಕದ ಹಕ್ಕಿಗಾಗಿಯೂ ಹೌದು. ನಿಪ್ಪಾಣಿಗೆ ಹತ್ತಿರದ ಕಾಗಲ್‌ನ ಘಾಟಗೆ ಮನೆತನದಲ್ಲಿ 1874ರಲ್ಲಿ ಹುಟ್ಟಿದ ಬಾಲಕನನ್ನು ಕೊಲ್ಹಾಪುರದ ರಾಣಿ ಆನಂದಿಬಾಯಿ 1884ರಲ್ಲಿ ದತ್ತು ಪಡೆದರು. ಆ ಬಾಲಕನೇ ಮುಂದೆ ಶಾಹೂ ಮಹಾರಾಜರಾದರು. ಅಂದು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದ ರಾಯಬಾಗವನ್ನೂ ಆಳಿದವರು ಈ ದತ್ತು ಮಗನೇ!

ಆ ದತ್ತಕಗಳೆಲ್ಲ ಗಾದಿಗೆ ವಾರಸುದಾರ ಬೇಕೆಂದು ಆದವು. ಸಾಮಾನ್ಯರ ಮನೆಯಲ್ಲೂ ಅಷ್ಟೆ: ಹೊಲಕ್ಕೊಬ್ಬ ಒಡೆಯ ಬೇಕು, ಪಿಂಡ ಹಾಕಲು ಮಗ ಬೇಕು. ಇಂದಿನ ಕಾಯಿದೆ ಪ್ರಶ್ನೆಯನ್ನೇ ತಿರುಗಿಸಿದೆ. 'ಈ ಮನೆಗೆ ಮಗು ಬೇಕೆ?' ಎಂದು ಅದು ಮೊದಲು ಕೇಳುವುದಿಲ್ಲ. 'ಈ ಮಗುವಿಗೆ ಎಂಥ ಮನೆ ಬೇಕು?' ಎಂದು ಕೇಳುತ್ತದೆ. ಉಳಿದ ನಿಯಮಗಳೆಲ್ಲ ಈ ಒಂದು ಮಾತಿನಿಂದ ಹೊರಟವು.

ಬಾಯಿಮಾತಿನ ದತ್ತು

ನಮ್ಮ ಕಡೆ ಹೆಚ್ಚಾಗಿ ನಡೆಯುವುದು ಬಳಗದೊಳಗಿನ ದತ್ತು. ಅಣ್ಣನಿಗೆ ಮಕ್ಕಳಿಲ್ಲ, ತಮ್ಮನಿಗೆ ನಾಲ್ಕು. 'ಒಂದು ಕೂಸು ನಿಮಗಿರಲಿ' ಎಂದು ಎತ್ತಿ ಕೊಡುವುದು. ಪ್ರೀತಿಯ ಮಾತೇ. ಆದರೆ ಕಾಗದವಿಲ್ಲದ ಪ್ರೀತಿ ಮಗುವಿನ ಪಾಲಿಗೆ ಏನಾಗುತ್ತದೆ ಎಂಬುದನ್ನು ನಮ್ಮ ಬಳಗದಲ್ಲೇ ಕಂಡಿದ್ದೇನೆ. ಅಥಣಿ ಕಡೆಯ ನನ್ನ ದೊಡ್ಡಪ್ಪನ ಮಗಳನ್ನು ತೊಟ್ಟಿಲಲ್ಲಿದ್ದಾಗಲೇ ಹೀಗೆ ಮತ್ತೊಂದು ಮನೆಗೆ ಕೊಟ್ಟರು. ಏಳು ವರ್ಷವಾದಾಗ ಹೊಲದ ಪಾಲಿನ ಜಗಳ ಬಂತು. ಸಿಟ್ಟಿನಲ್ಲಿ ಹುಡುಗಿಯನ್ನು ಕರೆದುಕೊಂಡು ಬಂದುಬಿಟ್ಟರು. ಇಂದು ಆಕೆ ಅಜ್ಜಿಯಾಗಿದ್ದಾಳೆ. ಈಗಲೂ ಹೇಳುತ್ತಾಳೆ: "ಎರಡೂ ಮನ್ಯಾಗ ನಾ ಬೀಗರ ಹಂಗ ಇದ್ದೆ. ನಮ್ಮನಿ ಅಂತ ಒಂದೂ ಇರಲಿಲ್ಲ ನೋಡು."

ಹಾಗಾಗದಿರಲೆಂದೇ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಇದೆ. ಲಿಂಗಾಯತರಿಗೂ ಜೈನರಿಗೂ ಇದು ಅನ್ವಯಿಸುತ್ತದೆ. ಮಗುವನ್ನು ಹೆತ್ತವರು ನಿಜವಾಗಿ ಕೈಯೆತ್ತಿ ಕೊಡಬೇಕು, ಪಡೆಯುವವರು ತೆಗೆದುಕೊಳ್ಳಬೇಕು. ದತ್ತಹೋಮ ಕಡ್ಡಾಯವಲ್ಲ. ಮಗುವಿಗೆ 15 ವರ್ಷ ತುಂಬಿರಬಾರದು, ಮದುವೆಯಾಗಿರಬಾರದು. ಹಳೆಯ ಮುಂಬಯಿ ಪ್ರಾಂತದ ನಮ್ಮ ಸೀಮೆಯಲ್ಲಿ ದೊಡ್ಡವರನ್ನೂ ದತ್ತು ಪಡೆಯುವ ರೂಢಿಯಿತ್ತು. ಕಾಯಿದೆ ಇಂಥ ರೂಢಿಗೆ ಎಡೆ ಬಿಟ್ಟಿದೆ. ಮಗನಿರುವವರು ಮತ್ತೊಬ್ಬ ಗಂಡುಮಗುವನ್ನಾಗಲಿ, ಮಗಳಿರುವವರು ಮತ್ತೊಂದು ಹೆಣ್ಣುಮಗುವನ್ನಾಗಲಿ ಈ ಕಾಯಿದೆಯಂತೆ ಪಡೆಯುವಂತಿಲ್ಲ. 2010ರ ತಿದ್ದುಪಡಿಯ ನಂತರ ಹೆಂಡತಿಯೂ ಗಂಡನ ಒಪ್ಪಿಗೆಯಿಂದ ದತ್ತು ಪಡೆಯಬಹುದು. ಮಗುವನ್ನು ಕೊಡುವುದಕ್ಕೆ ತಾಯಿಯ ಒಪ್ಪಿಗೆಯೂ ಬೇಕು. ಗಮನಿಸಿ ಸೋದರಿಯರೇ, ಗಂಡಸರು ಜಗಲಿಯ ಮೇಲೆ ಕುಳಿತು ತೀರ್ಮಾನಿಸಿ ಮಗುವನ್ನು ಕೊಡುವ ಕಾಲ ಮುಗಿಯಿತು.

ದತ್ತು ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿರಿ. ಕೊಟ್ಟವರೂ ಪಡೆದವರೂ ಸಹಿ ಹಾಕಿದ ನೋಂದಾಯಿತ ಪತ್ರವಿದ್ದರೆ ದತ್ತು ಸರಿಯಾಗಿದೆಯೆಂದೇ ನ್ಯಾಯಾಲಯ ಭಾವಿಸುತ್ತದೆ. ಅಲ್ಲವೆನ್ನುವವರು ಸಾಧಿಸಿ ತೋರಿಸಬೇಕು. ಒಮ್ಮೆ ಸರಿಯಾಗಿ ಆದ ದತ್ತು ರದ್ದಾಗದು. ಸಿಟ್ಟು ಬಂದಾಗ ತಿರುಗಿ ಕರೆದೊಯ್ಯುವಂತಿಲ್ಲ, ಬೇಡವಾದಾಗ ತಿರುಗಿ ಕಳಿಸುವಂತಿಲ್ಲ. ಹಣದ ವ್ಯವಹಾರವಂತೂ ಬಳಗದೊಳಗಾದರೂ ಅಪರಾಧ.

ಹೊರಗಿನ ಮಗುವಾದರೆ

ಬಳಗದ ಮಗುವಲ್ಲ, ಅನಾಥ ಅಥವಾ ಹೆತ್ತವರು ಒಪ್ಪಿಸಿದ ಮಗು ಎಂದಾದರೆ ದಾರಿ ಬೇರೆ. ಅಲ್ಲಿ 2015ರ ಬಾಲನ್ಯಾಯ ಕಾಯಿದೆಯೂ 2022ರ ದತ್ತಕ ನಿಯಮಗಳೂ ಅನ್ವಯಿಸುತ್ತವೆ. ಇದು ಎಲ್ಲ ಮತದವರಿಗೂ ತೆರೆದ ಬಾಗಿಲು. ಮುಸ್ಲಿಂ, ಕ್ರೈಸ್ತ ಸೋದರಿಯರೂ ಇದರಂತೆ ದತ್ತು ಪಡೆಯಬಹುದೆಂದು ಸುಪ್ರೀಂ ಕೋರ್ಟು 2014ರಲ್ಲಿ ಸ್ಪಷ್ಟಪಡಿಸಿದೆ.

ಕೇಂದ್ರ ದತ್ತಕ ಸಂಪನ್ಮೂಲ ಪ್ರಾಧಿಕಾರ, ಅಂದರೆ 'ಕಾರಾ', ನಡೆಸುವ ಅಂತರಜಾಲ ತಾಣದಲ್ಲಿ ಹೆಸರು ನೋಂದಾಯಿಸಬೇಕು. ಆಮೇಲೆ ಸಮಾಜ ಕಾರ್ಯಕರ್ತರು ನಿಮ್ಮ ಮನೆಗೇ ಬಂದು ಗೃಹಾಧ್ಯಯನ ಮಾಡುತ್ತಾರೆ. ಅವರು ಬರುವರೆಂದು ಮನೆಗೆ ಸುಣ್ಣ ಬಳಿಸಬೇಕಿಲ್ಲ! ನಿಮ್ಮ ಆರೋಗ್ಯ, ಆದಾಯ, ಗಂಡಹೆಂಡಿರ ಹೊಂದಾಣಿಕೆ, ಅತ್ತೆಮಾವಂದಿರ ಮನಸ್ಸು ಇವನ್ನೇ ಅವರು ನೋಡುವುದು. ಮದುವೆಯಾಗಿ ಎರಡು ವರ್ಷವಾದರೂ ನೆಮ್ಮದಿಯಿಂದ ಬಾಳಿರಬೇಕು. ಎರಡು ವರ್ಷದೊಳಗಿನ ಮಗುವಿಗೆ ಗಂಡಹೆಂಡಿರ ವಯಸ್ಸು ಕೂಡಿಸಿದರೆ 85 ದಾಟಿರಬಾರದು. ಒಂಟಿ ಮಹಿಳೆಯೂ ದತ್ತು ಪಡೆಯಬಹುದು. ಒಂಟಿ ಗಂಡಸಿಗೆ ಮಾತ್ರ ಹೆಣ್ಣುಮಗು ಕೊಡುವುದಿಲ್ಲ. ಐದು ವರ್ಷ ದಾಟಿದ ಮಗುವಾದರೆ ಅದರ ಒಪ್ಪಿಗೆಯನ್ನೂ ಕೇಳುತ್ತಾರೆ.

2022ರ ಸೆಪ್ಟೆಂಬರಿನಿಂದ ಕೊನೆಯ ಆದೇಶ ನೀಡುವವರು ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿಗಳು. ಆ ಬಳಿಕ ದತ್ತು ತಂದೆತಾಯಿಯರ ಹೆಸರಿನಲ್ಲೇ ಜನನ ಪತ್ರ ಬರುತ್ತದೆ. ಮುಂದೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಬಂದು ಮಗು ಹೇಗಿದೆಯೆಂದು ವಿಚಾರಿಸುತ್ತಾರೆ. ಇದನ್ನು ಪಹರೆ ಎಂದು ತಿಳಿಯಬೇಡಿ, ತವರಿನವರು ಬಂದುಹೋದಂತೆ ಎಂದುಕೊಳ್ಳಿ. ಕಷ್ಟವಿದ್ದರೆ ಹೇಳಿಕೊಳ್ಳಲು ಅದೇ ಸಮಯ.

ಹಸುಗೂಸೇ ಬೇಕೆಂದರೆ ಮೂರು ವರ್ಷಕ್ಕೂ ಮೇಲೆ ಕಾಯಬೇಕಾಗುವುದುಂಟು. ಆ ಕಾಯುವಿಕೆಯ ಸಂಕಟವೇ ದಲ್ಲಾಳಿಗಳ ಬಂಡವಾಳ. ಸ್ವಲ್ಪ ದೊಡ್ಡ ಮಗುವಾದರೂ ಸರಿ, ವಿಶೇಷ ಆರೈಕೆ ಬೇಕಾದ ಮಗುವಾದರೂ ಸರಿ ಎನ್ನುವವರಿಗೆ ಕಾಯುವ ಕಾಲ ಕಡಿಮೆಯಾಗಬಹುದು.

ಹೆತ್ತ ತಾಯಿಯನ್ನು ಮರೆಯಬೇಡಿ

ದತ್ತಕದ ಮಾತು ಬಂದಾಗ ನಾವು ಪಡೆಯುವವಳ ಉಡಿಯನ್ನಷ್ಟೇ ನೋಡುತ್ತೇವೆ. ಬರಿದಾಗುವ ಇನ್ನೊಂದು ಉಡಿಯೂ ಇದೆಯಲ್ಲ! ನಿಪ್ಪಾಣಿಯಲ್ಲಿ ಬೀಡಿ ಕಟ್ಟುವವಳಿರಬಹುದು, ಕಾಗವಾಡದ ಕಬ್ಬಿನ ಗದ್ದೆಗೆ ಕೂಲಿಗೆ ಬಂದವಳಿರಬಹುದು, ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಮೋಸಹೋದವಳಿರಬಹುದು. ಅವಳಿಗೂ ಕಾಯಿದೆ ರಕ್ಷಣೆ ಕೊಟ್ಟಿದೆ. ಸಾಕಲಾರದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಬಹುದು. ಮದುವೆಯಾಗದ ತಾಯಿಯಾದರೆ ಅವಳೊಬ್ಬಳ ಸಹಿಯೇ ಸಾಕು. ಅವಳ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಮನಸ್ಸು ಬದಲಾದರೆ 60 ದಿನಗಳೊಳಗೆ ಮಗುವನ್ನು ಮರಳಿ ಪಡೆಯಬಹುದು. ದಲ್ಲಾಳಿ ಇಂಥ ಒಂದು ದಿನವನ್ನಾದರೂ ಕೊಟ್ಟಾನೆಯೆ?

ಇನ್ನೊಂದು ಮುಖ್ಯ ಮಾತು. ಬಡತನವೊಂದೇ ಕಾರಣಕ್ಕೆ ಯಾವ ತಾಯಿಯೂ ಮಗುವನ್ನು ಬಿಡುವಂತಾಗಬಾರದು. ವಿಧವೆಯ, ಗಂಡ ಬಿಟ್ಟವಳ ಮಕ್ಕಳು ಮನೆಯಲ್ಲೇ ಬೆಳೆಯಲೆಂದು 2022ರ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂ. ಪ್ರಾಯೋಜಕತ್ವದ ನೆರವಿದೆ. ನಿಮ್ಮ ಓಣಿಯಲ್ಲಿ ಅಂಥ ತಾಯಿಯಿದ್ದರೆ 'ಕೂಸನ್ನ ಯಾರಿಗಾದ್ರೂ ಕೊಟ್ಟಬಿಡು' ಎನ್ನುವ ಮೊದಲು ಈ ನೆರವಿನ ದಾರಿ ತೋರಿಸಿ.

ಮಗುವಿಗೆ ಹೇಳಬೇಕೆ?

ಹೇಳಲೇಬೇಕು. ಅದೂ ನಿಮ್ಮ ಬಾಯಿಂದಲೇ, ಮಗು ಚಿಕ್ಕದಿರುವಾಗಲೇ. ಬೀದಿಯಲ್ಲಿ ಆಡುವಾಗ ಓರಗೆಯವರ ಬಾಯಿಂದ, ಇಲ್ಲವೆ ಮದುವೆಯ ಮಾತುಕತೆಯಲ್ಲಿ ಬೀಗರ ಬಾಯಿಂದ ಕೇಳಿದರೆ ಮಗುವಿನ ಎದೆ ಒಡೆಯುತ್ತದೆ. ತಾನು ದತ್ತು ಎಂಬುದಕ್ಕಲ್ಲ, ಇಷ್ಟು ದಿನ ಮುಚ್ಚಿಟ್ಟರಲ್ಲ ಎಂಬುದಕ್ಕೆ. ಮಲಗಿಸುವಾಗ ಕತೆಯ ಹಾಗೆ ಹೇಳಿರಿ: 'ಒಬ್ಬ ತಾಯಿ ನಿನ್ನ ಹಡೆದಳು, ನಾವು ನಿನಗಾಗಿ ಕಾದಿದ್ದೆವು.' ಹೆತ್ತವಳನ್ನು ಹಳಿಯಬೇಡಿ. ಶಾಹೂ ಮಹಾರಾಜರು ಕಾಗಲ್‌ನ ಮಗನೆಂಬುದು ಲೋಕಕ್ಕೇ ಗೊತ್ತಿತ್ತು. ಅದರಿಂದ ಅವರು ಕೊಲ್ಹಾಪುರದ ಮಗನಾಗುವುದೇನೂ ತಪ್ಪಲಿಲ್ಲ.

'ಯಾವ ಜಾತಿದೋ ಏನೋ' ಎಂಬ ಪ್ರಶ್ನೆ ಮನೆಯ ಹಿರಿಯರಿಂದ ಬರುತ್ತದೆ. ಜಾತಿ ನೋಡಿ ಮಗುವನ್ನು ಆರಿಸುವ ಅವಕಾಶ ಅಲ್ಲಿಲ್ಲ, ಇರಲೂ ಬಾರದು. ಆ ಪ್ರಶ್ನೆ ಮನೆಯಲ್ಲಿ ತೀರದಿದ್ದರೆ ಅರ್ಜಿಯನ್ನು ಸ್ವಲ್ಪ ತಡೆಯಿರಿ. ಮಗು ಬಂದ ಮೇಲೆ ತೀರಿಸುವ ಪ್ರಶ್ನೆ ಅದಲ್ಲ.

ನೆನಪಿಡಿ

* ಬಿಟ್ಟುಹೋದ ಮಗು ಸಿಕ್ಕರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. 24 ಗಂಟೆಯೊಳಗೆ 1098ಕ್ಕೆ ಫೋನ್ ಮಾಡಿ ಅಥವಾ ಪೊಲೀಸರಿಗೆ ತಿಳಿಸಿ.
* ಕ್ರಮ ಬಿಟ್ಟು ಅನಾಥ ಅಥವಾ ಒಪ್ಪಿಸಿದ ಮಗುವನ್ನು ಪಡೆದರೆ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷ ರೂ. ದಂಡ ಅಥವಾ ಎರಡೂ. ಮಗುವನ್ನು ಮಾರುವುದಕ್ಕೂ ಕೊಳ್ಳುವುದಕ್ಕೂ ಐದು ವರ್ಷದವರೆಗೆ ಕಠಿಣ ಸಜೆ ಮತ್ತು ದಂಡ. ದವಾಖಾನೆಯವರು ಮಾಡಿದರೆ ಏಳು ವರ್ಷದವರೆಗೆ.
* ನಿಗದಿಯಾದ ಶುಲ್ಕ ಬಿಟ್ಟು ಯಾರ ಕೈಗೂ ಹಣ ಕೊಡಬೇಡಿ. ರಸೀದಿ ಕೊಡದವನು ದಲ್ಲಾಳಿ.
* ಮಾಹಿತಿಗೆ ನಿಮ್ಮ ಅಂಗನವಾಡಿ ಕಾರ್ಯಕರ್ತೆಯನ್ನು, ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯನ್ನು ಕೇಳಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಬೆಳಗಾವಿಯಲ್ಲಿದೆ.
* ಅಂತರಜಾಲದ ಅರ್ಜಿ ತುಂಬಲು ಬಾರದಿದ್ದರೆ ಆ ಘಟಕದವರೇ ನೆರವಾಗುತ್ತಾರೆ, ಮಧ್ಯವರ್ತಿ ಬೇಕಿಲ್ಲ.

ರಾಯಬಾಗದ ಆ ಸೊಸೆಯ ಸುದ್ದಿ ನಿಮಗೆ ಬೇಕಲ್ಲವೆ? ಅಂದು ಆಕೆ ತಿರುಗಿ ಹೋಗಿ ಆ ದಲ್ಲಾಳಿಯನ್ನು ಕೇಳಿದಳಂತೆ: "ಕೂಸಿನ ತಾಯಿನ್ನ ಒಮ್ಮೆ ತೋರಸ್ರಿ, ಆಮ್ಯಾಲ ರೊಕ್ಕದ ಮಾತು." ಅವನು ಮತ್ತೆ ಅತ್ತ ಸುಳಿಯಲಿಲ್ಲ. ಗಂಡಹೆಂಡಿರು ಬೆಳಗಾವಿಗೆ ಹೋಗಿ ವಿಚಾರಿಸಿ, ಅರ್ಜಿ ಹಾಕಿ, ಎರಡು ವರ್ಷ ದಾಟಿದ ಮಗುವಾದರೂ ಸರಿ ಎಂದು ಬರೆದುಕೊಟ್ಟರು. ಕಾದರು. ಹೋದ ಶ್ರಾವಣದಲ್ಲಿ ಎರಡೂವರೆ ವರ್ಷದ ಹುಡುಗಿ ಮನೆಗೆ ಬಂದಳು. ಮೊದಲ ನಾಲ್ಕು ದಿನ ಯಾರ ಹತ್ತಿರವೂ ಹೋಗಲಿಲ್ಲ, ಸರಿಯಾಗಿ ಉಣ್ಣಲಿಲ್ಲ. ಐದನೆಯ ದಿನ ಅಜ್ಜಿ ಹಾಲಿನಲ್ಲಿ ರೊಟ್ಟಿ ಹಿಚುಕಿ ತಟ್ಟೆ ಮುಂದಿಟ್ಟು ಸುಮ್ಮನೆ ಕುಳಿತರಂತೆ. ಹುಡುಗಿ ತಾನಾಗಿಯೇ ಬಂದು ಅಜ್ಜಿಯ ತೊಡೆಯ ಮೇಲೆ ಕುಳಿತು ಉಂಡಳು. 'ಯಾವ ಜಾತಿದೋ' ಎಂದು ಮೊದಲು ಕೇಳಿದ್ದವರೂ ಆ ಅಜ್ಜಿಯೇ!

ಮೊನ್ನೆ ಹೋಗಿದ್ದೆ. ಮುಂಬಾಗಿಲಿನಲ್ಲೇ ನನ್ನನ್ನು ತಡೆದು ಹುಡುಗಿ ಕೇಳಿದಳು: "ನೀ ಯಾರ?"

ಆ ಮನೆಯ ಮಗಳಲ್ಲದೆ ಬೇರೆ ಯಾರು ಹಾಗೆ ಕೇಳಿಯಾರು?