ಕೊತೊ ವಾದ್ಯವೂ ಜಾಜ್ ಮೇಳವೂ

ಆರು ಅಡಿ ಉದ್ದದ ಪೊಳ್ಳು ಮರದ ಒಡಲು. ಅದರ ಮೇಲೆ ಬಿಗಿದ ೧೩ ತಂತಿಗಳು. ಒಂದೊಂದು ತಂತಿಯ ಅಡಿಯಲ್ಲಿಯೂ ಬೇಕಾದೆಡೆಗೆ ಸರಿಸಬಹುದಾದ ಒಂದೊಂದು ಕುದುರೆ. ಜಪಾನಿನ ‘ಕೊತೊ’ ಎಂಬ ವಾದ್ಯದ ರಚನೆ ಇಷ್ಟೇ. ಎಂಟನೆಯ ಶತಮಾನದ ಹೊತ್ತಿಗೆ ಚೀನದಿಂದ ಜಪಾನನ್ನು ಸೇರಿದ ಈ ವಾದ್ಯವನ್ನು, ಬಲಗೈಯ ಮೂರು ಬೆರಳುಗಳಿಗೆ ಕೃತಕ ನಖಗಳನ್ನು ತೊಟ್ಟು ಮೀಟುತ್ತಾರೆ. ಇಂತಹ ವಾದ್ಯವು ಸ್ಯಾಕ್ಸೋಫೋನ್, ವಿದ್ಯುತ್ ಗಿಟಾರ್, ಡ್ರಮ್ಮುಗಳ ನಡುವೆ ಕುಳಿತು ಅಮೆರಿಕದ ಜಾಜ್ ಸಂಗೀತವನ್ನು ನುಡಿಸಬಲ್ಲುದೆ?

ತೊಡಕಿರುವುದು ಸ್ವರಗಳ ಎಣಿಕೆಯಲ್ಲಿ. ಕೊತೊವಿಗೆ ಬಹಳವಾಗಿ ಬಳಸುವ ‘ಹಿರಾಜೋಶಿ’ ಎಂಬ ಶ್ರುತಿಕ್ರಮದಲ್ಲಿ ಒಂದು ಸ್ಥಾಯಿಗೆ ಐದೇ ಸ್ವರಗಳು. ಅವುಗಳಲ್ಲೊಂದನ್ನು ಷಡ್ಜವೆಂದು ಹಿಡಿದರೆ ಶುದ್ಧ ರಿಷಭ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತಗಳು ದೊರೆಯುತ್ತವೆ. ನಮ್ಮ ಕರ್ನಾಟಕ ಶುದ್ಧಸಾವೇರಿಯ ಸ್ವರಗಳೂ ಇವೇ ಎಂಬುದನ್ನು ಸಂಗೀತಪ್ರಿಯರಾದ ವಾಚಕರು ಗಮನಿಸಿರಬಹುದು. ಜಾಜ್ ಸಂಗೀತವಾದರೋ ಸ್ಥಾಯಿಯನ್ನು ೧೨ ಸಮಪಾಲು ಮಾಡಿಕೊಂಡು, ಏಕಕಾಲದಲ್ಲಿ ನುಡಿಯುವ ಸ್ವರಗುಚ್ಛಗಳನ್ನು ಬದಲಿಸುತ್ತ ಸಾಗುತ್ತದೆ. ನಡುವೆ ಬೇಕಾಗುವ ಸ್ವರಕ್ಕೆ ಕೊತೊದಲ್ಲಿ ತಂತಿಯೇ ಇಲ್ಲದಿದ್ದರೆ ಗತಿಯೇನು?

ಇದಕ್ಕೆ ಉಪಾಯ ಎಡಗೈಯಲ್ಲಿದೆ. ಕುದುರೆಯ ಎಡಬದಿಯಲ್ಲಿ ತಂತಿಯನ್ನು ಅದುಮಿದರೆ ಬಿಗುಪು ಹೆಚ್ಚಿ ಸ್ವರ ಏರುತ್ತದೆ. ಕಂಪನ ಸಂಖ್ಯೆಯು ಬಿಗುಪಿನ ವರ್ಗಮೂಲವನ್ನು ಅನುಸರಿಸುವುದರಿಂದ, ಅರ್ಧಸ್ವರ ಏರಿಸಲು ಬಿಗುಪು ಸುಮಾರು ನೂರಕ್ಕೆ ೧೨ರಷ್ಟೂ ಪೂರ್ಣಸ್ವರ ಏರಿಸಲು ಸುಮಾರು ೨೬ರಷ್ಟೂ ಹೆಚ್ಚಬೇಕು. ಬೆರಳಿಗೆ ಇದು ಸಣ್ಣ ಶ್ರಮವಲ್ಲ! ನಮ್ಮ ವೈಣಿಕರು ಮೆಟ್ಟಿಲ ಮೇಲೆ ತಂತಿಯನ್ನು ಎಳೆದು ಗಮಕ ಹೊರಡಿಸುವುದೂ ಇದೇ ತತ್ತ್ವದಿಂದ. ಇನ್ನೊಂದು ಮಾರ್ಗವೆಂದರೆ ನುಡಿಸುತ್ತಿರುವಾಗಲೇ ಕುದುರೆಯನ್ನು ಸರಿಸುವುದು. ಅದಕ್ಕೆ ಕೈಚಳಕದೊಡನೆ ಒಂದೆರಡು ಕ್ಷಣಗಳ ಬಿಡುವೂ ಬೇಕು.

ಅತಿವೇಗದ ಜಾಜಿನಲ್ಲಿ ಆ ಬಿಡುವು ಎಲ್ಲಿಂದ ಬರಬೇಕು? ‘ಸ್ಮೂತ್ ಜಾಜ್’ ಎಂದು ೧೯೮೦ರ ದಶಕದ ಕೊನೆಯಲ್ಲಿ ಹೆಸರು ಪಡೆದ ಮೃದುಶೈಲಿಯಲ್ಲಿ ಸ್ವರಗುಚ್ಛಗಳು ನಿಧಾನವಾಗಿ ಬದಲಾಗುತ್ತವೆ, ತಾಳ ಸಮನಾಗಿ ಹರಿಯುತ್ತದೆ. ಪಂಡಿತರು ಈ ಶೈಲಿಯನ್ನು ಹಗುರವೆಂದು ಹಳಿಯುವುದುಂಟು. ಕೊತೊವಿಗೆ ಎಡೆ ದೊರೆತದ್ದು ಆ ಹಗುರತನದಿಂದಲೇ ಎಂದು ನನ್ನ ಎಣಿಕೆ. ಆದರೆ ಮೀಟಿದ ನಾದ ಹುಟ್ಟಿದೊಡನೆಯೇ ಕ್ಷೀಣಿಸತೊಡಗುತ್ತದೆ. ಸ್ಯಾಕ್ಸೋಫೋನಿನ ನಾದ ಊದುವಷ್ಟು ಕಾಲವೂ ಒಂದೇ ಸಮನಾಗಿರುತ್ತದೆ. ಎರಡೂ ಒಟ್ಟಿಗೆ ನುಡಿದರೆ ಕೊತೊ ಮುಳುಗಿಹೋದೀತು. ಆದುದರಿಂದ ಧ್ವನಿವರ್ಧಕದ ನೆರವಿನೊಡನೆ ಒಬ್ಬರಿಗೊಬ್ಬರು ಎಡೆಬಿಟ್ಟು ನುಡಿಸುವ ವಿವೇಕವೂ ಅವಶ್ಯ.

ಈ ಪ್ರಯೋಗಕ್ಕೆ ಹೆಸರಾದ ಮೇಳವು ೧೯೭೪ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿತು. ಅಣುಬಾಂಬಿಗೆ ಗುರಿಯಾದ ನಗರದ ನೆನಪಿಗೆ ಅದು ‘ಹಿರೋಶಿಮಾ’ ಎಂದೇ ಹೆಸರಿಟ್ಟುಕೊಂಡಿತು. ಡ್ಯಾನ್ ಕುರಮೊಟೊ ಸ್ಯಾಕ್ಸೋಫೋನನ್ನೂ ಕೊಳಲನ್ನೂ, ಜೂನ್ ಕುರಮೊಟೊ ಕೊತೊವನ್ನೂ, ಜಾನಿ ಮೋರಿ ಜಪಾನಿನ ‘ತೈಕೊ’ ಭೇರಿಯನ್ನೂ ನುಡಿಸಿದರು. ಮೊದಲ ಧ್ವನಿಮುದ್ರಿಕೆ ೧೯೭೯ರಲ್ಲಿ ಹೊರಬಂದಿತು. ೧೯೮೫ರ ‘ಒನ್ ವಿಶ್’ ಎಂಬ ಕೃತಿಯಲ್ಲಿ ಕೊತೊವೇ ರಾಗವನ್ನು ಮುನ್ನಡೆಸುತ್ತದೆ.

ಅವರಿಗೆ ಇದು ಕೇವಲ ನಾದವಿನೋದವಾಗಿರಲಿಲ್ಲ. ೧೯೪೨ರಿಂದ ಅಮೆರಿಕ ಸರ್ಕಾರವು ಜಪಾನೀ ಮೂಲದ ಸುಮಾರು ೧,೨೦,೦೦೦ ಜನರನ್ನು ಬಂಧನ ಶಿಬಿರಗಳಿಗೆ ಅಟ್ಟಿತ್ತು. ಅವರಲ್ಲಿ ಹೆಚ್ಚಿನವರು ಆ ದೇಶದ ಪ್ರಜೆಗಳೇ. ಹಿರಿಯರ ಭಾಷೆ, ವಾದ್ಯಗಳನ್ನು ಬಚ್ಚಿಡುವುದೇ ಲೇಸೆಂದು ಎಷ್ಟೋ ಕುಟುಂಬಗಳು ಬಗೆದವು. ಅಂತಹ ಸಮುದಾಯದ ಯುವಕರು ಕೊತೊವನ್ನು ಬಹಿರಂಗವಾಗಿ ರಂಗಕ್ಕೆ ತಂದು, ತಾವು ಬೆಳೆದ ಬೀದಿಗಳ ಸಂಗೀತದೊಡನೆ ಕೂಡಿಸಿದರು. ಅದೇ ೧೯೭೪ರಲ್ಲಿ ಪಿಯಾನೋ ವಾದಕಿ ತೊಶಿಕೊ ಅಕಿಯೋಶಿಯವರೂ ತಮ್ಮ ‘ಕೋಗುನ್’ ಕೃತಿಯಲ್ಲಿ ಜಪಾನೀ ‘ನೋ’ ನಾಟಕದ ಧ್ವನಿಗಳನ್ನು ಜಾಜ್ ವಾದ್ಯವೃಂದಕ್ಕೆ ಬೆಸೆದರು.

ಜೂನ್ ಅವರ ಗುರು ಕಜುಎ ಕುಡೊ. ಆಕೆಯ ಗುರು ಮಿಚಿಯೊ ಮಿಯಾಗಿ. ಅಂಧರಾಗಿದ್ದ ಮಿಯಾಗಿಯವರು ಮಂದ್ರಸ್ವರಗಳ ಕೊರತೆಯನ್ನು ನೀಗಲೆಂದು ೧೯೨೧ರಲ್ಲಿಯೇ ೧೭ ತಂತಿಗಳ ದೊಡ್ಡ ಕೊತೊ ಒಂದನ್ನು ರೂಪಿಸಿದ್ದರು.